ಕೋಚ್ ಸರ್, ದಯವಿಟ್ಟು ಬೌಂಡರಿ ಆಚೆ: ಮಕ್ಕಳ ಕ್ರಿಕೆಟ್ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಮಕ್ಕಳ ಕ್ರಿಕೆಟ್ ಟೂರ್ನಿ ನಡೆಸುವ ಸಂಸ್ಥೆಗಳ ಪದಾಧಿಕಾರಿಗಳಿಗೆ, ಅಕಾಡೆಮಿಗಳ ಮುಖ್ಯಸ್ಥರಿಗೆ, ಶಾಲೆಗಳ ದೈಹಿಕ ಶಿಕ್ಷಕರಿಗೆ, ನನ್ನ ಜೊತೆ ಬಿಸಿಲಲ್ಲಿ ನಿಲ್ಲುವ ಅಂಪೈರ್ ಗೆಳೆಯರಿಗೆ,

ನಮಸ್ಕಾರ.

14 ವರ್ಷದೊಳಗಿನ, 16 ವರ್ಷದೊಳಗಿನ ಮಕ್ಕಳ ಮ್ಯಾಚ್‌ಗಳಿಗೆ ಅಂಪೈರ್ ಆಗಿ ನಿಲ್ಲುವವನು ನಾನು. ದೊಡ್ಡ ಹೆಸರಿನವನಲ್ಲ. ಬೆಂಗಳೂರಿನ ಅಂಚಿನ ಮೈದಾನಗಳಲ್ಲಿ, ಒಮ್ಮೊಮ್ಮೆ ತುಮಕೂರು, ಮೈಸೂರು ಕಡೆ, ಹೆಚ್ಚಾಗಿ ಮ್ಯಾಟ್ ಹಾಸಿದ ಪಿಚ್‌ಗಳ ಮೇಲೆ ನನ್ನ ಕೆಲಸ. ಇವತ್ತು ಬರೆಯುತ್ತಿರುವುದು ಒಂದೇ ವಿಷಯಕ್ಕೆ. ಮಕ್ಕಳು ಆಡುತ್ತಿರುವಾಗ ಕೋಚ್ ಮೈದಾನದೊಳಗೆ ನುಗ್ಗಿ ಬಂದು ಅಂಪೈರ್ ಜೊತೆ ಜಗಳಕ್ಕೆ ನಿಲ್ಲುತ್ತಾರಲ್ಲ, ಆಗ ಅಂಪೈರ್ ಏನು ಮಾಡಬೇಕು, ಅವನ ಬೆನ್ನಿಗೆ ನೀವು ಹೇಗೆ ನಿಲ್ಲಬೇಕು ಎನ್ನುವುದು.

ಇದು ಅಂಪೈರ್‌ನ ಮರ್ಯಾದೆಯ ಪ್ರಶ್ನೆ ಅಂತ ಬಹಳ ಜನ ತಿಳಿದಿದ್ದಾರೆ. ನನ್ನ ಮಟ್ಟಿಗೆ ಅದು ಎರಡನೇ ಮಾತು. ಮೊದಲ ಮಾತು ಮಕ್ಕಳದ್ದು. ದೊಡ್ಡವರ ಜಗಳ ಬೇಗ ಮುಗಿಯಬೇಕು. ಮಕ್ಕಳ ಕಿವಿಗೆ ಬೀಳದಷ್ಟು ದೂರದಲ್ಲಿ ಮುಗಿಯಬೇಕು. ಅದರ ಶಿಕ್ಷೆ ಮಕ್ಕಳ ಸ್ಕೋರಿಗೆ ತಗಲಬಾರದು. ನಾನು ನಿಂತ ಬಹುಪಾಲು ಟೂರ್ನಿಗಳಲ್ಲಿ ಇದಕ್ಕೆ ಬರೆದಿಟ್ಟ ದಾರಿ ಇರಲಿಲ್ಲ. ಅವತ್ತಿನ ಅಂಪೈರ್ ಎಷ್ಟು ಗಟ್ಟಿ, ಕೋಚ್ ಎಷ್ಟು ಜೋರು ಅನ್ನುವುದರ ಮೇಲೆ ಎಲ್ಲ ನಿಂತಿತ್ತು.

ಹೋದ ಬೇಸಿಗೆ ರಜೆಯ ಒಂದು ಮ್ಯಾಚ್ ಹೇಳುತ್ತೇನೆ. ಯಾವ ಅಕಾಡೆಮಿ, ಯಾವ ಮೈದಾನ ಅನ್ನುವುದು ಬೇಡ. 14ರೊಳಗಿನ ಹುಡುಗರು. ಚೆನ್ನಾಗಿ ಆಡುತ್ತಿದ್ದ ಒಬ್ಬ ಎಡಗೈ ಬ್ಯಾಟ್ಸ್‌ಮನ್ ಮಿಡ್‌ವಿಕೆಟ್ ಕಡೆ ತಳ್ಳಿ ಎರಡನೇ ರನ್ನಿಗೆ ಓಡಿದ. ಥ್ರೋ ನೇರ ಕೀಪರ್ ಕೈಗೆ ಬಂತು, ಬೇಲ್ಸ್ ಬಿತ್ತು. ಸ್ಕ್ವೇರ್ ಲೆಗ್‌ನಲ್ಲಿ ನಿಂತಿದ್ದವನು ಇನ್ನೂ ಕಾಲೇಜು ಓದುತ್ತಿರುವ ಹುಡುಗ. ಅಂಪೈರಿಂಗ್ ಪರೀಕ್ಷೆ ಪಾಸು ಮಾಡಿ ಹೊಸದಾಗಿ ಬಂದವನು. ಕ್ರೀಸಿನ ನೇರಕ್ಕೆ ಸರಿಯಾಗಿ ನಿಂತಿದ್ದ, ನೋಡಿದ, ಬೆರಳೆತ್ತಿದ. ಅವನ ಕೆಲಸದಲ್ಲಿ ಏನೂ ಕೊರತೆ ಇರಲಿಲ್ಲ.

ಶಾಮಿಯಾನದ ಕಡೆಯಿಂದ ಕೋಚ್ ಬಂದರು. ಓಡಲಿಲ್ಲ, ದಾಪುಗಾಲು ಹಾಕಿಕೊಂಡು ಬಂದರು. ಏಕವಚನದಲ್ಲೇ ಶುರು. "ಏನ್ ನೋಡ್ತಿದ್ದೆ ನೀನು? ಕಣ್ಣು ಎಲ್ಲಿತ್ತು?" ಹುಡುಗ ಅಂಪೈರ್ ಉತ್ತರ ಕೊಟ್ಟ. "ಬ್ಯಾಟ್ ಅರ್ಧ ಅಡಿ ಹೊರಗಿತ್ತು ಸಾರ್." ಅಷ್ಟೇ ಸಾಕಾಯಿತು. "ಅರ್ಧ ಅಡಿನಾ? ಎಲ್ಲಿ, ತೋರ್ಸು" ಅಂತ ಕೋಚ್ ಮ್ಯಾಟ್ ಮೇಲೆ ಶೂ ತುದಿಯಿಂದ ಗೀಚತೊಡಗಿದರು. ಅಲ್ಲಿಗೆ ಔಟೋ ನಾಟೌಟೋ ಅನ್ನುವುದು ಹೋಗಿ ಎಷ್ಟು ಇಂಚು ಅನ್ನುವ ಜಗಳ ಆಯಿತು. ಲಾಂಗ್ ಆನ್ ಕಡೆಯಿಂದ ಒಬ್ಬ ತಂದೆ ಮೊಬೈಲ್ ಹಿಡಿದು ಬಂದರು, ವಿಡಿಯೊ ಇದೆ ಅಂತ. ಅವರ ಹಿಂದೆ ಇನ್ನಿಬ್ಬರು. ಫೀಲ್ಡಿಂಗ್ ಹುಡುಗರು ಸುಮ್ನೆ ನೆಲದ ಮೇಲೆ ಕೂತರು. ಕೀಪರ್ ಗ್ಲೌಸ್ ಬಿಚ್ಚಿ ಪಕ್ಕಕ್ಕಿಟ್ಟ. ಔಟಾದ ಹುಡುಗ ಅರ್ಧ ದಾರಿಯಲ್ಲಿ ಹೆಲ್ಮೆಟ್ ಕೂಡ ತೆಗೆಯದೆ ನಿಂತುಬಿಟ್ಟ. ಹೋಗಬೇಕೋ, ವಾಪಸ್ ಬರಬೇಕೋ ಅವನಿಗೆ ಗೊತ್ತಾಗಲಿಲ್ಲ.

ನಾನು ಬೌಲರ್ ಕೊನೆಯಿಂದ ಹೋಗಿ ನನ್ನ ಜೊತೆಗಾರನ ಪಕ್ಕ ನಿಂತೆ. ಕೋಚ್‌ಗೆ ಹೇಳಿದ್ದು ಇಷ್ಟೇ. "ಸರ್, ನಿಮ್ಮ ಮಾತು ಕೇಳ್ತೀವಿ. ಇಲ್ಲಿ ಬೇಡ. ಸ್ಕೋರರ್ ಟೇಬಲ್ ಹತ್ತಿರ ಬನ್ನಿ." ಹೇಳಿ ನಾವಿಬ್ಬರೂ ಆ ಕಡೆ ನಡೆದೆವು. ನಡೆಯುತ್ತಿರುವವರ ಜೊತೆ ಕೂಗಾಡುವುದು ಕಷ್ಟ. ಅಲ್ಲಿಗೆ ತಲುಪುವ ಹೊತ್ತಿಗೆ ಅವರ ದನಿ ಇಳಿದಿತ್ತು. ತಂದೆತಾಯಂದಿರ ಕಿವಿಯಿಂದ ದೂರ ಬಂದ ಮೇಲೆ ಅದೇ ಮನುಷ್ಯ ಬಹುವಚನದಲ್ಲಿ ಮಾತಾಡಿದರು. ತೀರ್ಪು ಬದಲಾಗಲಿಲ್ಲ, ಮ್ಯಾಚ್ ಮುಂದುವರಿಯಿತು.

ನನ್ನನ್ನು ಕಾಡಿದ್ದು ಅವತ್ತಿನ ಜಗಳ ಅಲ್ಲ. ಅದೇ ಟೂರ್ನಿಯಲ್ಲಿ ಆ ಎಡಗೈ ಹುಡುಗನ ಇನ್ನೊಂದು ಮ್ಯಾಚ್ ನನಗೆ ಬಂತು. ಎಲ್‌ಬಿ ಕೊಟ್ಟೆ, ಅಂದರೆ ವಿಕೆಟ್‌ಗೆ ಹೋಗುತ್ತಿದ್ದ ಬಾಲ್ ಕಾಲಿಗೆ ಬಡಿದದ್ದಕ್ಕೆ ಔಟ್. ನೇರ ವಿಕೆಟ್ ಮುಂದೆ, ಅನುಮಾನವೇ ಇಲ್ಲದ್ದು. ಅವನು ನನ್ನ ಬೆರಳು ನೋಡಿದ. ಆಮೇಲೆ ತಿರುಗಿ ಶಾಮಿಯಾನದ ಕಡೆ ನೋಡಿದ. ಅಲ್ಲಿಂದ ಏನಾದರೂ ಸನ್ನೆ ಬರುತ್ತದಾ ಅಂತ ಕಾದ. ಬರಲಿಲ್ಲ ಅಂತ ಖಾತ್ರಿ ಆದ ಮೇಲೆ ನಡೆದ. ಹದಿಮೂರು ವರ್ಷದ ಹುಡುಗ. ಔಟ್ ಅನ್ನುವುದು ಕೋಚ್ ಒಪ್ಪಿದ ಮೇಲಷ್ಟೇ ಔಟ್ ಅಂತ ಅವನು ಕಲಿತುಬಿಟ್ಟಿದ್ದ.

ಈಗ ನಿಯಮ ಏನು ಹೇಳುತ್ತದೆ ನೋಡೋಣ. ಕ್ರಿಕೆಟ್ ನಿಯಮಗಳನ್ನು ಬರೆಯುವುದು ಲಂಡನ್ನಿನ ಎಂಸಿಸಿ, ಅಂದರೆ ಮೆರಿಲೆಬೋನ್ ಕ್ರಿಕೆಟ್ ಕ್ಲಬ್. 2017ರ ಸಂಹಿತೆಯಲ್ಲಿ 42ನೇ ನಿಯಮವನ್ನು ಆಟಗಾರರ ನಡತೆಗೆಂದೇ ಬಿಟ್ಟುಕೊಟ್ಟರು. ಅದರಲ್ಲಿ ನಾಲ್ಕು ಹಂತ. ತೀರ್ಪಿಗೆ ಮಾತಲ್ಲೋ ಸನ್ನೆಯಲ್ಲೋ ಅಸಮಾಧಾನ ತೋರಿಸುವುದು ಮೊದಲ ಹಂತ. ಮೊದಲ ಸಲ ಎಚ್ಚರಿಕೆ, ಮತ್ತೆ ಮಾಡಿದರೆ ಎದುರು ತಂಡಕ್ಕೆ ಐದು ರನ್. ಎರಡನೇ ಹಂತಕ್ಕೆ ನೇರ ಐದು ರನ್. ಅಂಪೈರ್‌ನನ್ನು ಮಾತಿನಿಂದ, ಸನ್ನೆಯಿಂದ ಬೆದರಿಸುವುದು ಮೂರನೇ ಹಂತ. ಐದು ರನ್ ಜೊತೆಗೆ ಆಟಗಾರ ಕೆಲವು ಓವರ್ ಹೊರಗೆ ಕೂರಬೇಕು. ಅಂಪೈರ್‌ಗೆ ಹೊಡೆಯುತ್ತೇನೆ ಎನ್ನುವುದು, ಬೇಕಂತಲೇ ಮೈಮುಟ್ಟುವುದು ನಾಲ್ಕನೆಯದು. ಅವನಿಗೆ ಆ ಮ್ಯಾಚ್ ಅಲ್ಲಿಗೆ ಮುಗಿಯಿತು. ಪ್ರತಿ ಹಂತದಲ್ಲೂ ಅಂಪೈರ್ ಮಾತಾಡಬೇಕಾದ್ದು ತಂಡದ ನಾಯಕನ ಜೊತೆ.

ದೊಡ್ಡವರ ಕ್ರಿಕೆಟ್‌ಗೆ ಇದು ಸರಿಹೋಗುತ್ತದೆ. ಮಕ್ಕಳ ಕ್ರಿಕೆಟ್‌ನಲ್ಲಿ ನಾಯಕ ಅಂದರೆ ಟಾಸ್ ಹಾಕುವಾಗ ಹೆಡ್ ಅಂತ ಹೇಳುವುದಕ್ಕೇ ನಾಚುವ ಏಳನೇ ಕ್ಲಾಸಿನ ಹುಡುಗ. ಫೀಲ್ಡ್ ಇಡುವುದು, ಬೌಲರ್ ಬದಲಿಸುವುದು ಎಲ್ಲ ಹೊರಗಿನಿಂದ ಕೋಚ್ ಮಾಡಿಸುತ್ತಾರೆ. ಅದೇ ಕೋಚ್ ಒಳಗೆ ಬಂದು ಬೈದರೆ "ನಿಮ್ಮ ಕೋಚ್‌ನ ಸುಮ್ಮನಿರಿಸು" ಅಂತ ಆ ಹುಡುಗನಿಗೆ ಹೇಳಲಾಗುತ್ತದಾ? ಐದು ರನ್ ದಂಡ ಹಾಕೋಣವೆಂದರೆ ಆ ನಿಯಮ ಆಟಗಾರರಿಗೆ ಮಾಡಿದ್ದು. ಒಂದು ವೇಳೆ ಸ್ಥಳೀಯ ನಿಯಮದಲ್ಲಿ ಹಾಗೆ ಬರೆದುಕೊಂಡರೂ ತಪ್ಪು ಕೋಚ್‌ದು, ರನ್ ಹೋಗುವುದು ಮಕ್ಕಳದು. ನನಗೆ ಅದು ಒಪ್ಪಿಗೆಯಿಲ್ಲ.

ಹಾಗಂತ ಎಂಸಿಸಿ ಇದನ್ನು ಯೋಚಿಸಿಯೇ ಇಲ್ಲ ಅನ್ನುವಂತಿಲ್ಲ. ನಿಯಮಗಳ ಮುನ್ನುಡಿಯಲ್ಲಿ ಒಂದು ಸಾಲಿದೆ. ನ್ಯಾಯವಾದ ಆಟದ ಹೊಣೆ ಮುಖ್ಯವಾಗಿ ನಾಯಕರದ್ದು, ಆದರೆ ಅದು ಆಟಗಾರರಿಗೂ ಅಂಪೈರ್‌ಗಳಿಗೂ ಸೇರಿದ್ದು, ಅದರಲ್ಲೂ ಕಿರಿಯರ ಕ್ರಿಕೆಟ್‌ನಲ್ಲಿ ಶಿಕ್ಷಕರು, ಕೋಚ್‌ಗಳು, ತಂದೆತಾಯಂದಿರಿಗೂ ಸೇರಿದ್ದು ಎನ್ನುವ ಅರ್ಥದ ಸಾಲು. ಹೊಣೆ ಇದೆ ಅಂತ ಮುನ್ನುಡಿ ಹೇಳುತ್ತದೆ. ಹೊಣೆ ಮರೆತರೆ ಏನು ಅನ್ನುವುದನ್ನು 42ನೇ ನಿಯಮ ಆಟಗಾರರಿಗೆ ಮಾತ್ರ ಹೇಳುತ್ತದೆ. ಕೋಚ್‌ಗಳ ಪಾಲಿನದನ್ನು ಬರೆಯಬೇಕಾದವರು ಟೂರ್ನಿ ನಡೆಸುವ ನೀವು.

ಫುಟ್‌ಬಾಲ್‌ನವರು ಬರೆದುಕೊಂಡರು. 2019ರಿಂದ ಅಲ್ಲಿ ರೆಫ್ರಿ ಕೋಚ್‌ಗೂ ಹಳದಿ ಕಾರ್ಡ್, ಕೆಂಪು ಕಾರ್ಡ್ ತೋರಿಸಬಹುದು. ಬೆಂಚಿನ ಕಡೆಯಿಂದ ಯಾರು ಬೈದರು ಅಂತ ಗೊತ್ತಾಗದಿದ್ದರೆ ಅಲ್ಲಿರುವ ಹಿರಿಯ ಕೋಚ್ ಹೆಸರಿಗೇ ಕಾರ್ಡ್. ಈ ಎರಡನೇ ಮಾತು ನನಗೆ ಬಹಳ ಇಷ್ಟ. ನಮ್ಮ ಶಾಮಿಯಾನಗಳಿಂದ ಬರುವ ಕೂಗಿಗೆ ಯಾವತ್ತೂ ಮುಖ ಇರುವುದಿಲ್ಲ. ತಿರುಗಿ ನೋಡಿದರೆ ಎಲ್ಲರೂ ನೀರು ಕುಡಿಯುತ್ತಿರುತ್ತಾರೆ.

ಇನ್ನು ಅಂಪೈರ್‌ಗಳ ಪಾಲಿನ ಕೆಲಸ. ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಗೆಳೆಯರೇ, ನಮಗೆ ನಿಯಮ ಕಲಿಸುತ್ತಾರೆ, ಸಿಗ್ನಲ್ ಕಲಿಸುತ್ತಾರೆ, ಎಲ್‌ಬಿ ನೋಡುವುದು ಕಲಿಸುತ್ತಾರೆ. ಸಿಟ್ಟಾದ ಮನುಷ್ಯ ಎದುರಿಗೆ ಬಂದಾಗ ಕೈ ಎಲ್ಲಿಡಬೇಕು ಅಂತ ಯಾರೂ ಕಲಿಸುವುದಿಲ್ಲ.

ಕೈ ಬೆನ್ನ ಹಿಂದೆ ಇರಲಿ. ಬೆರಳು ತೋರಿಸಿ ಮಾತಾಡಬೇಡಿ. ಕೂಲಿಂಗ್ ಗ್ಲಾಸ್ ಹಾಕಿದ್ದರೆ ತೆಗೆಯಿರಿ, ಕಣ್ಣು ಕಾಣುವ ಮನುಷ್ಯನ ಮೇಲೆ ಕೂಗಾಡುವುದು ಅಷ್ಟು ಸುಲಭ ಅಲ್ಲ. ಕೋಚ್ ಕಡೆ ನೀವಾಗಿ ಎದ್ದು ಹೋಗಬೇಡಿ. ಅವರು ಬಂದರೆ ಜೊತೆಗಾರ ಅಂಪೈರ್ ಬರುವ ತನಕ ಮಾತು ಶುರು ಮಾಡಬೇಡಿ. ಒಬ್ಬರೇ ಇದ್ದಾಗ ಆಡಿದ ಮಾತಿಗೆ ಸಾಕ್ಷಿ ಇರುವುದಿಲ್ಲ. ಅವರು ಏಕವಚನ ಆಡಿದರೂ ನೀವು ಸರ್, ಮೇಡಂ ಬಿಡಬೇಡಿ. ದನಿ ಅವರಿಗಿಂತ ಕೆಳಗಿರಲಿ. ಎಲ್ಲರಿಗೂ ಕಾಣುವ, ಆದರೆ ಯಾರಿಗೂ ಕೇಳದ ಜಾಗಕ್ಕೆ ಮಾತನ್ನು ಒಯ್ಯಿರಿ. ಸ್ಕೋರರ್ ಟೇಬಲ್ ಅದಕ್ಕೆ ಒಳ್ಳೆಯದು.

ಎಲ್ಲಕ್ಕಿಂತ ಮುಖ್ಯ, ಕೋಚ್ ಯಾವ ಬಗೆಯ ಮಾತು ತಂದಿದ್ದಾರೆ ಅಂತ ಮೊದಲು ಗುರುತಿಸಿ. ಎಲ್ಲ ಜಗಳಕ್ಕೂ ಒಂದೇ ಮದ್ದು ಇಲ್ಲ.

ಔಟೋ ನಾಟೌಟೋ, ಬ್ಯಾಟಿಗೆ ತಾಗಿತೋ ಪ್ಯಾಡಿಗೋ ಅನ್ನುವ ಮಾತಾದರೆ ಚರ್ಚೆಯೇ ಇಲ್ಲ. "ನಾನು ಕಂಡದ್ದಕ್ಕೆ ಕೊಟ್ಟೆ ಸರ್" ಅನ್ನುವುದಕ್ಕಿಂತ ಒಂದು ಪದ ಜಾಸ್ತಿ ಬೇಡ. ಅರ್ಧ ಅಡಿ ಅಂದರೆ ಅಳತೆ ಕೇಳುತ್ತಾರೆ. ಕಾರಣ ಕೊಟ್ಟಷ್ಟೂ ವಾದಕ್ಕೆ ಹೊಸ ಬಾಗಿಲು. 2ನೇ ನಿಯಮದ ಪ್ರಕಾರ ಅಂಪೈರ್ ತನ್ನ ತೀರ್ಪನ್ನು ಕೂಡಲೇ ಬದಲಿಸಬಹುದು, ಅದು ಬಿಟ್ಟರೆ ಕೊಟ್ಟ ತೀರ್ಪೇ ಕೊನೆ. ಬದಲಿಸಬೇಕು ಅನಿಸಿದರೆ ಜೊತೆಗಾರನನ್ನು ಕೇಳಿ ಆಗಲೇ ಬದಲಿಸಿ. ಕೋಚ್ ನಡೆದು ಬಂದ ಮೇಲೆ ಬದಲಿಸಿದರೆ ಮುಂದಿನ ಮ್ಯಾಚಿಗೆ ಎರಡೂ ಕಡೆಯ ಕೋಚ್‌ಗಳು ನಡೆದು ಬರುತ್ತಾರೆ. ಮೊಬೈಲ್ ವಿಡಿಯೊ ನೋಡಲೇಬೇಡಿ. ಲಾಂಗ್ ಆನ್‌ನಿಂದ ಓರೆಯಾಗಿ ತೆಗೆದದ್ದರಲ್ಲಿ ಕ್ರೀಸಿನ ಗೆರೆ ನೇರ ಕಾಣುವುದಿಲ್ಲ. ಅದೂ ಅಲ್ಲದೆ ಒಂದು ತಂಡದ ಅಪ್ಪ ತೆಗೆದ ವಿಡಿಯೊ ಇನ್ನೊಂದು ತಂಡಕ್ಕೆ ಸಿಗುವುದಿಲ್ಲವಲ್ಲ.

ನಿಯಮದ ಮಾತಾದರೆ ಕೇಳಲೇಬೇಕು. ಒಬ್ಬ ಬೌಲರ್‌ಗೆ ಎಷ್ಟು ಓವರ್, ಪವರ್‌ಪ್ಲೇ ಎಷ್ಟರ ತನಕ, ಮಳೆ ಬಂದರೆ ಗುರಿ ಎಷ್ಟು, ಇಂಥದ್ದರಲ್ಲಿ ಕೋಚ್ ಹೇಳುವುದು ಸರಿ ಇರಬಹುದು. ಟೂರ್ನಿಯ ನಿಯಮದ ಹಾಳೆ ಜೇಬಲ್ಲಿರಲಿ. ತೆಗೆದು ಇಬ್ಬರೂ ಓದಿ. ಓವರಿನಲ್ಲಿ ಐದೇ ಎಸೆತ ಆಯಿತು ಅಂತ ಕೂಗು ಬರುತ್ತದೆ. 17ನೇ ನಿಯಮ ನೇರವಾಗಿದೆ: ಅಂಪೈರ್ ಎಣಿಕೆ ತಪ್ಪಿದ್ದರೂ ಎಣಿಸಿದ ಓವರೇ ಲೆಕ್ಕ. ಅದನ್ನು ಶಾಂತವಾಗಿ ಹೇಳಿದರೆ ಹೆಚ್ಚಿನ ಕೋಚ್‌ಗಳು ಒಪ್ಪಿ ವಾಪಸ್ ಹೋಗುತ್ತಾರೆ. ನಾನು ನೋಡಿದ್ದೇನೆ.

ಮಕ್ಕಳ ಸುರಕ್ಷತೆಯ ಮಾತಾದರೆ ಆಟವನ್ನೇ ನಿಲ್ಲಿಸಿ ಕೇಳಿ. ಹುಡುಗನಿಗೆ ತಲೆಗೆ ಬಾಲ್ ಬಡಿದಿದೆ, ಬಿಸಿಲಿಗೆ ತಲೆ ತಿರುಗುತ್ತಿದೆ, ಮ್ಯಾಟಿನ ಮೊಳೆ ಎದ್ದಿದೆ, ಬೆಳಕು ಸಾಲದೆ ವೇಗದ ಬೌಲರ್‌ನ ಬಾಲ್ ಕಾಣುತ್ತಿಲ್ಲ. ಇಂಥದ್ದಕ್ಕೆ ಕೋಚ್ ಬೌಂಡರಿ ದಾಟಿ ಬಂದರೂ ತಪ್ಪಿಲ್ಲ. ಕಿರುಚಿಕೊಂಡು ಬಂದರೂ ತಪ್ಪಿಲ್ಲ. ಬೆಳಕಿನ ತೀರ್ಮಾನ ಅಂಪೈರ್‌ಗಳದ್ದೇ ಆದರೂ ತನ್ನ ಹುಡುಗರನ್ನು ದಿನಾ ನೋಡುವವರು ಅವರು. ಆ ಮಾತನ್ನು ತಳ್ಳಿಹಾಕಬಾರದು.

ಇನ್ನೊಂದು ಬಗೆಯಿದೆ, ನನಗೆ ಅತಿ ಸಂಕಟ ತರುವುದು. ಎದುರು ತಂಡದ ಮಗುವಿನ ಮೇಲೆಯೇ ಕೂಗುವುದು. "ಥ್ರೋ, ಥ್ರೋ" ಅಂತ, ಅಂದರೆ ಬೌಲ್ ಮಾಡದೆ ಕೈ ಮಡಚಿ ಎಸೆಯುತ್ತಿದ್ದಾನೆ ಅಂತ, ಹನ್ನೆರಡು ವರ್ಷದ ಸ್ಪಿನ್ನರ್‌ನ ಪ್ರತಿ ಎಸೆತಕ್ಕೂ ಕೂಗುವ ಕೋಚ್‌ಗಳಿದ್ದಾರೆ. "ಅವನಿಗೆ ಹದಿನೆಂಟಾಗಿದೆ, ಮೀಸೆ ನೋಡಿ" ಅಂತ ಕೂಗುವವರಿದ್ದಾರೆ. ಬೌಲಿಂಗ್ ಶೈಲಿ ನೋಡುವುದು 21ನೇ ನಿಯಮದಲ್ಲಿ ಅಂಪೈರ್ ಕೆಲಸ. ಅನುಮಾನವಿದ್ದರೆ ಕೋಚ್ ಬ್ರೇಕ್‌ನಲ್ಲಿ ಬಂದು ಮೆಲ್ಲಗೆ ಹೇಳಲಿ, ಖಂಡಿತ ಗಮನಿಸುತ್ತೇವೆ. ವಯಸ್ಸಿನ ದೂರು ಅಂಪೈರ್‌ಗೆ ಸಂಬಂಧಿಸಿದ್ದೇ ಅಲ್ಲ, ಅದಕ್ಕೆ ಟೂರ್ನಿ ಕಚೇರಿಯಲ್ಲಿ ದಾಖಲೆ ಇದೆ, ಬರವಣಿಗೆಯಲ್ಲಿ ಕೊಡಿ. ಆದರೆ ಮಗುವಿಗೆ ಕೇಳುವ ಹಾಗೆ ಕೂಗಿದರೆ ನಾನು ಎರಡನೇ ಎಚ್ಚರಿಕೆ ಕೊಡುವುದಿಲ್ಲ. ಅಂಪೈರ್ ಮೇಲೆ ಕೂಗಿದರೆ ತಾಳಿಕೊಳ್ಳಬಹುದು. ನಾವು ದೊಡ್ಡವರು. ಓಡಿ ಬಂದು ಬಾಲ್ ಬಿಡುವ ಮುಂಚೆ ಶಾಮಿಯಾನದ ಕಡೆ ಹೆದರಿ ನೋಡುವ ಹುಡುಗನ ಮುಖ ನೋಡಿದವರಿಗೆ ನಾನು ಯಾಕೆ ಹೀಗೆ ಹೇಳುತ್ತಿದ್ದೇನೆ ಅಂತ ಗೊತ್ತು.

ಮಾತಿಗೆ ಬಗ್ಗದಿದ್ದರೆ ಮುಂದೇನು? ಇಲ್ಲಿ ನಿಮ್ಮ ಲಿಖಿತ ನಿಯಮ ಬೇಕು, ಪದಾಧಿಕಾರಿಗಳೇ. ಜರ್ಮನಿಯ ಫುಟ್‌ಬಾಲ್ ಸಂಸ್ಥೆ 2024ರ ಋತುವಿನಿಂದ ಹವ್ಯಾಸಿ ಫುಟ್‌ಬಾಲ್‌ಗೆ ಒಂದು ಪದ್ಧತಿ ತಂದಿದೆ. ವಾತಾವರಣ ಕೆಟ್ಟಿತು ಅನಿಸಿದರೆ ರೆಫ್ರಿ ಆಟ ನಿಲ್ಲಿಸುತ್ತಾರೆ. ಎರಡೂ ತಂಡಗಳು ತಮ್ಮ ತಮ್ಮ ಪೆನಾಲ್ಟಿ ಚೌಕಕ್ಕೆ ಹೋಗಬೇಕು. ಕೋಚ್‌ಗಳು, ನಾಯಕರು ಮಾತ್ರ ಮಧ್ಯದ ವೃತ್ತಕ್ಕೆ ಬಂದು ರೆಫ್ರಿ ಮಾತು ಕೇಳಬೇಕು. ಮೊದಲ ಸಲ ಐದು ನಿಮಿಷ, ಎರಡನೇ ಸಲ ಹತ್ತು ನಿಮಿಷ. ಮೂರನೇ ಸಲಕ್ಕೆ ಆಟ ಅಲ್ಲಿಗೇ ಮುಕ್ತಾಯ. ಇದರಲ್ಲಿ ನನಗೆ ಹಿಡಿಸಿದ್ದು, ರೆಫ್ರಿ ಯಾರ ಜೊತೆಯೂ ವಾದ ಗೆಲ್ಲಬೇಕಾಗಿಲ್ಲ. ಎಲ್ಲರಿಗೂ ಮೊದಲೇ ಗೊತ್ತಿರುವ ಒಂದು ಕೆಲಸ ಮಾಡಿದರೆ ಸಾಕು.

ನಮ್ಮ ಕ್ರಿಕೆಟ್‌ಗೆ ಅದನ್ನು ಹೊಂದಿಸುವುದು ಕಷ್ಟವಲ್ಲ. ಮೊದಲ ಎಚ್ಚರಿಕೆ ಬಾಯಲ್ಲಿ, ಸ್ಕೋರ್ ಪುಸ್ತಕದಲ್ಲಿ ಓವರ್ ಸಮೇತ ಬರೆದು. ಎರಡನೇ ಸಲ ಆಟ ನಿಲ್ಲಿಸಿ ಮಕ್ಕಳನ್ನು ನೀರಿಗೆ ಕಳಿಸಿ, ಇಬ್ಬರು ಕೋಚ್‌ಗಳನ್ನೂ ಸ್ಕೋರರ್ ಟೇಬಲ್‌ಗೆ ಕರೆಯುವುದು. ಮೂರನೇ ಸಲ ಆ ಕೋಚ್ ಮೈದಾನದ ಗೇಟಿನಾಚೆ. ಮೈಮೇಲೆ ಬಂದರೆ, ಬೆದರಿಸಿದರೆ, ಮಗುವಿಗೆ ಬೈದರೆ ಮೆಟ್ಟಿಲು ಲೆಕ್ಕವಿಲ್ಲ, ನೇರ ಹೊರಗೆ. ಕೋಚ್‌ರನ್ನು ಹೊರಗೆ ಕರೆದೊಯ್ಯಬೇಕಾದವರು ಟೂರ್ನಿಯ ಮೈದಾನ ಉಸ್ತುವಾರಿ, ಅಂಪೈರ್ ಅಲ್ಲ. ಒಂದು ವಿಷಯ ಮರೆಯಬೇಡಿ. ಕೋಚ್ ಹೊರಗೆ ಹೋದರೆ ಹದಿನೈದು ಮಕ್ಕಳ ಜೊತೆ ಇರುವ ದೊಡ್ಡವರು ಯಾರು? ತಂಡದ ಪಟ್ಟಿ ಕೊಡುವಾಗಲೇ ಎರಡನೇ ಜವಾಬ್ದಾರಿಯುತ ವ್ಯಕ್ತಿಯ ಹೆಸರು ಬರೆಸಿಕೊಳ್ಳಿ. ಅದಿಲ್ಲದೆ ಟಾಸ್ ಬೇಡ. ಎಷ್ಟೋ ಸಲ ಕೋಚ್‌ರನ್ನು ಹೊರಗೆ ಕಳಿಸಲು ಅಂಪೈರ್ ಹಿಂಜರಿಯುವುದು ಇದೇ ಕಾರಣಕ್ಕೆ.

ಕೋಚ್ ತಂಡವನ್ನೇ ಹೊರಗೆ ಕರೆದರೆ? ಇದೂ ನಡೆಯುತ್ತದೆ. "ಬನ್ರೋ ಎಲ್ಲ, ಆಡೋದು ಬೇಡ." 16ನೇ ನಿಯಮದಲ್ಲಿ ಆಡಲು ನಿರಾಕರಿಸಿದ ತಂಡ ಸೋತ ಹಾಗೆ. ಆದರೆ ಅಂಪೈರ್‌ಗಳು ಮೊದಲು ಕಾರಣ ವಿಚಾರಿಸಬೇಕು, ನಾಯಕನಿಗೆ ತಿಳಿಸಬೇಕು, ಆಮೇಲೂ ಹಟ ಬಿಡದಿದ್ದರೆ ಮಾತ್ರ ತೀರ್ಮಾನ ಕೊಡಬೇಕು. ಮಕ್ಕಳ ಮ್ಯಾಚಿನಲ್ಲಿ ಈ ಅವಕಾಶವನ್ನು ಪೂರ್ತಿ ಬಳಸಿ. ಆ ಎರಡನೇ ಜವಾಬ್ದಾರಿಯುತ ವ್ಯಕ್ತಿಯನ್ನು ಕರೆದು ಮಾತಾಡಿ. ಅವರಿಂದ ಮ್ಯಾಚ್ ಉಳಿಯಬಹುದು.

ಹಾಗೆ ಮ್ಯಾಚ್ ಉಳಿದ ಉದಾಹರಣೆ ನಮ್ಮ ಇತಿಹಾಸದಲ್ಲೇ ಇದೆ. 1981ರ ಮೆಲ್ಬರ್ನ್ ಟೆಸ್ಟ್. 70 ರನ್ ಮಾಡಿದ್ದ ಭಾರತದ ನಾಯಕ ಗವಾಸ್ಕರ್‌ಗೆ ಆಸ್ಟ್ರೇಲಿಯಾದ ಬೌಲರ್ ಲಿಲ್ಲಿ ಎಸೆತದಲ್ಲಿ ಎಲ್‌ಬಿ ಕೊಟ್ಟರು. ಬ್ಯಾಟಿಗೆ ತಾಗಿತ್ತು ಅನ್ನುವುದು ಗವಾಸ್ಕರ್ ವಾದ. ಅದರ ಮೇಲೆ ಲಿಲ್ಲಿಯ ಚುಚ್ಚು ಮಾತೂ ಸೇರಿತು. ಸಿಟ್ಟಿಗೆದ್ದ ನಾಯಕ ಜೊತೆಗಿದ್ದ ಚೇತನ್ ಚೌಹಾಣ್‌ರನ್ನೂ ಕರೆದುಕೊಂಡು ಹೊರಟರು. ಬೌಂಡರಿ ಹತ್ತಿರ ತಂಡದ ಮ್ಯಾನೇಜರ್ ಶಾಹಿದ್ ದುರಾನಿ ಎದುರು ಬಂದು ಚೌಹಾಣ್‌ರನ್ನು ತಡೆದು ವಾಪಸ್ ಕಳಿಸಿದರು. ಆಟ ಮುಂದುವರಿಯಿತು. ಗೆಲ್ಲಲು 143 ಬೇಕಿದ್ದ ಆಸ್ಟ್ರೇಲಿಯಾ 83ಕ್ಕೆ ಆಲೌಟ್. ಭಾರತ 59 ರನ್‌ನಿಂದ ಗೆದ್ದು ಸರಣಿ ಸಮ ಮಾಡಿಕೊಂಡಿತು. ನಮ್ಮ ಜಿ.ಆರ್. ವಿಶ್ವನಾಥ್ ಮೊದಲ ಇನಿಂಗ್ಸ್‌ನಲ್ಲಿ ಹೊಡೆದ 114, ಕಪಿಲ್ ಕೊನೆಯಲ್ಲಿ ತೆಗೆದ ಐದು ವಿಕೆಟ್, ಇವೆಲ್ಲ ಇವತ್ತು ನಮಗೆ ಹೆಮ್ಮೆಯ ಮಾತಾಗಿ ಉಳಿದಿರುವುದು ಗೆರೆಯ ಹತ್ತಿರ ಒಬ್ಬ ಹಿರಿಯರು ತಲೆ ತಣ್ಣಗಿಟ್ಟುಕೊಂಡಿದ್ದರಿಂದ. ಅಂಪೈರ್ ತೀರ್ಪು ಸರಿಯಾಗಿತ್ತು ಅಂತ ದುರಾನಿ ಹೇಳಬೇಕಾಗಲಿಲ್ಲ. ತಂಡ ಆಡಬೇಕು ಅಂತ ಹೇಳಿದರು, ಅಷ್ಟೇ.

ಅದಕ್ಕೆ ಎದುರಾಗಿ 2022ರ ಏಪ್ರಿಲ್ ನೆನಪಿಸಿಕೊಳ್ಳಿ. ಐಪಿಎಲ್, ವಾಂಖೆಡೆ. ಕೊನೆಯ ಓವರಿನಲ್ಲಿ ಡೆಲ್ಲಿಗೆ 36 ರನ್ ಬೇಕಿತ್ತು. ಸೊಂಟದ ಎತ್ತರದ ಫುಲ್‌ಟಾಸ್‌ಗೆ ನೋಬಾಲ್ ಕೊಡಲಿಲ್ಲ ಅಂತ ನಾಯಕ ರಿಷಭ್ ಪಂತ್ ಬ್ಯಾಟ್ಸ್‌ಮನ್‌ಗಳನ್ನು ಹೊರಗೆ ಬರುವಂತೆ ಸನ್ನೆ ಮಾಡಿದರು. ಸಹಾಯಕ ಕೋಚ್ ಪ್ರವೀಣ್ ಆಮ್ರೆ ಅಂಪೈರ್ ಹತ್ತಿರ ಮೈದಾನದೊಳಗೇ ಹೋದರು. ಪಂತ್‌ಗೆ ಪೂರ್ತಿ ಮ್ಯಾಚ್ ಫೀ ದಂಡ. ಆಮ್ರೆಗೆ ಪೂರ್ತಿ ಫೀ ದಂಡದ ಜೊತೆಗೆ ಒಂದು ಮ್ಯಾಚ್ ನಿಷೇಧ. ನಮ್ಮ ಅಕಾಡೆಮಿಗಳ ಮಕ್ಕಳೆಲ್ಲ ಟಿವಿಯಲ್ಲಿ ನೋಡಿದ್ದು ಕೋಚ್ ಒಳಗೆ ನಡೆದು ಹೋದದ್ದನ್ನು. ಮರುದಿನದ ಶಿಕ್ಷೆಯ ಸುದ್ದಿಯನ್ನು ಎಷ್ಟು ಮಕ್ಕಳು ಓದಿರಬಹುದು? ಶಿಕ್ಷೆ ಆಯಿತು ಅನ್ನುವುದನ್ನು ಹೇಳಿಕೊಡಬೇಕಾದವರು ಕೋಚ್‌ಗಳೇ.

ಕೋಚ್‌ಗಳ ಕಷ್ಟವೂ ನನಗೆ ಗೊತ್ತು. ಶಾಮಿಯಾನದಲ್ಲಿ ಕೂತ ತಂದೆತಾಯಂದಿರು ತಿಂಗಳು ತಿಂಗಳು ಫೀಸ್ ಕಟ್ಟುವವರು. ಮಗ ಔಟಾದ ಕೂಡಲೇ ಅವರೆಲ್ಲ ಕೋಚ್ ಮುಖ ನೋಡುತ್ತಾರೆ. ಸುಮ್ಮನೆ ಕೂತರೆ "ಇವರಿಗೆ ನಮ್ಮ ಹುಡುಗರ ಪರ ನಿಲ್ಲುವ ಧೈರ್ಯ ಇಲ್ಲ" ಅನ್ನುತ್ತಾರೆ. ನಾನು ಕಂಡ ಜಗಳಗಳಲ್ಲಿ ಬಹಳಷ್ಟು ಅಂಪೈರ್‌ಗೆ ಹೇಳಿದ್ದಕ್ಕಿಂತ ಶಾಮಿಯಾನಕ್ಕೆ ಕೇಳಿಸಿದ್ದೇ ಜಾಸ್ತಿ. ಟೂರ್ನಿಯ ನಿಯಮದಲ್ಲಿ "ಕೋಚ್ ಗೆರೆ ದಾಟುವಂತಿಲ್ಲ" ಅಂತ ಅಚ್ಚಾಗಿದ್ದರೆ ಅವರಿಗೂ ಅನುಕೂಲ. "ನನಗೆ ಹೋಗುವ ಹಾಗಿಲ್ಲ ಸರ್, ದೂರು ಬರೆದು ಕೊಡ್ತೀನಿ" ಅಂತ ಪೋಷಕರಿಗೆ ಹೇಳಬಹುದು.

ಆ ದೂರಿಗೆ ನಿಜವಾದ ಬೆಲೆ ಇರಬೇಕು. ಕೋಚ್‌ಗಳು ಸಿಟ್ಟಾಗುವುದಕ್ಕೆ ಕೆಟ್ಟ ಅಂಪೈರಿಂಗ್ ಕೂಡ ಕಾರಣ, ಅದನ್ನು ಮುಚ್ಚಿಡುವುದು ಬೇಡ. ಪರೀಕ್ಷೆ ಪಾಸಾಗದ, ನಿಯಮ ಪುಸ್ತಕ ತೆರೆಯದ ಯಾರೋ ಸಿಕ್ಕವರನ್ನು ಬೆಳಗ್ಗೆ ಫೋನ್ ಮಾಡಿ ಕರೆಸಿ ನಿಲ್ಲಿಸುತ್ತಾರೆ. ಒಂದೇ ಅಂಪೈರ್, ಸ್ಕ್ವೇರ್ ಲೆಗ್‌ಗೆ ಬ್ಯಾಟಿಂಗ್ ತಂಡದ ಹುಡುಗ. ರನ್‌ಔಟ್ ಆದರೆ ಆ ಮಗು ತನ್ನ ಗೆಳೆಯನನ್ನು ಔಟ್ ಕೊಡಬೇಕು. ಇಂಥ ಏರ್ಪಾಟು ಮಾಡಿ ಆಮೇಲೆ ಶಿಸ್ತು ಅಂದರೆ ಯಾವ ಕೋಚ್ ಕೇಳುತ್ತಾರೆ? ಪ್ರತಿ ಮ್ಯಾಚಿಗೆ ಇಬ್ಬರು ಅರ್ಹ ಅಂಪೈರ್‌ಗಳನ್ನು ಕೊಡಿ. ಮ್ಯಾಚ್ ಮುಗಿದ ಮೇಲೆ ಎರಡೂ ಕೋಚ್‌ಗಳಿಂದ ಅಂಪೈರ್ ಬಗ್ಗೆ ಒಂದು ಪುಟದ ವರದಿ ತಗೊಳ್ಳಿ. ಆ ರಾತ್ರಿಯಲ್ಲ, ಮರುದಿನ. ಒಬ್ಬ ಅಂಪೈರ್ ಬಗ್ಗೆ ಬೇರೆ ಬೇರೆ ತಂಡಗಳಿಂದ ಒಂದೇ ದೂರು ಬಂದರೆ ಅವರನ್ನು ಕೂರಿಸಿ ತಿದ್ದಿ. ನನ್ನ ವರದಿಯೂ ಅದರಲ್ಲಿರಲಿ.

ಒಂದು ಮಾತು ಹೇಳಲು ಅಂಪೈರ್‌ಗಳೆಲ್ಲ ಹಿಂಜರಿಯುತ್ತಾರೆ. ನಮ್ಮ ಎಷ್ಟೋ ಟೂರ್ನಿಗಳನ್ನು ಅಕಾಡೆಮಿಗಳೇ ನಡೆಸುತ್ತವೆ. ಅದೇ ಅಕಾಡೆಮಿ ತಂಡ ಆಡುತ್ತದೆ, ಅದರ ಕೋಚ್ ಅಂಪೈರ್‌ಗಳಿಗೆ ಫೋನ್ ಮಾಡಿ ಕರೆಸುತ್ತಾರೆ, ಸಂಜೆ ಫೀಸ್ ಕೊಡುವವರೂ ಅವರೇ. ಅವರು ಒಳಗೆ ನಡೆದು ಬಂದರೆ ಕಾಲೇಜು ಹುಡುಗ ಏನು ಮಾಡಬೇಕು? ಮುಂದಿನ ವಾರ ಕರೆ ಬರುವುದಿಲ್ಲ ಅನ್ನುವ ಹೆದರಿಕೆ ಅವನ ತೀರ್ಪಿನಲ್ಲಿ ಕೂತಿರುತ್ತದೆ. ಅಂಪೈರ್‌ಗಳನ್ನು ನೇಮಿಸುವುದು ಆಡುವ ತಂಡಕ್ಕೆ ಸಂಬಂಧವಿಲ್ಲದವರ ಕೆಲಸವಾಗಲಿ. ಮ್ಯಾಚ್ ಫೀ ಟಾಸ್‌ಗೆ ಮುಂಚೆ ಕೈಗೆ ಬರಲಿ. ಈಚೆಗೆ ಹುಡುಗಿಯರೂ ಅಂಪೈರಿಂಗ್‌ಗೆ ಬರುತ್ತಿದ್ದಾರೆ. ಅವರ ಮೇಲೆ ಬೀಳುವ ಮಾತು ಇನ್ನೂ ಕೀಳಾಗಿರುತ್ತದೆ. ಅಂಥ ಮಾತಿಗೆ ಎಚ್ಚರಿಕೆ ಅನ್ನುವ ಮೊದಲ ಮೆಟ್ಟಿಲೂ ಬೇಡ.

ಮತ್ತೆ, ಅಂಪೈರ್ ಬರೆದು ಕೊಟ್ಟ ವರದಿಗೆ ಏನಾಯಿತು ಅಂತ ದಯವಿಟ್ಟು ತಿಳಿಸಿ. ಈಗ ವರದಿ ಹೋಗುತ್ತದೆ, ಕೋಚ್ ಮುಂದಿನ ಭಾನುವಾರ ಅದೇ ಕುರ್ಚಿಯಲ್ಲಿ ಕೂತಿರುತ್ತಾರೆ. ಹೊರಗೆ ಕಳಿಸಿದ ಕೋಚ್‌ಗೆ ಕನಿಷ್ಠ ಒಂದು ಮ್ಯಾಚ್ ಮೈದಾನಕ್ಕೆ ಪ್ರವೇಶ ಇರಬಾರದು. ಅದೇ ಟೂರ್ನಿಯಲ್ಲಿ ಇನ್ನೊಮ್ಮೆ ಆದರೆ ಉಳಿದ ಟೂರ್ನಿಗೂ ಇರಬಾರದು. ಮಕ್ಕಳ ಪಾಯಿಂಟ್ ಮುಟ್ಟಬೇಡಿ, ಅವರು ಆಡಲಿ. ಕೋಚ್ ಬಂದು ಕ್ಷಮೆ ಕೇಳಿದರೆ ಅದು ಮಕ್ಕಳ ಎದುರಿಗೇ ಆಗಲಿ, ಬೈದದ್ದು ಅವರ ಎದುರಿಗೇ ಅಲ್ವಾ.

ಟಾಸ್‌ಗೆ ಹತ್ತು ನಿಮಿಷ ಮುಂಚೆ ಇಬ್ಬರು ಕೋಚ್‌ಗಳು, ಇಬ್ಬರು ನಾಯಕರು, ಇಬ್ಬರು ಅಂಪೈರ್‌ಗಳು ಒಟ್ಟಿಗೆ ನಿಂತು ಈ ನಿಯಮವನ್ನು ಒಮ್ಮೆ ಓದಿದರೆ ಅರ್ಧ ಜಗಳ ಅಲ್ಲೇ ತಪ್ಪುತ್ತದೆ. ಪ್ರಶ್ನೆ ಇದ್ದರೆ ಯಾವಾಗ, ಎಲ್ಲಿ, ಯಾರು ಬಂದು ಕೇಳಬೇಕು ಅಂತ ಮಕ್ಕಳಿಗೂ ಗೊತ್ತಾಗುತ್ತದೆ. ಆ ನಾಯಕ ಹುಡುಗನಿಗೂ ಡ್ರಿಂಕ್ಸ್ ಬ್ರೇಕ್‌ನಲ್ಲಿ ಬಂದು "ಸರ್, ಅದು ಯಾಕೆ ವೈಡ್?" ಅಂತ ಕೇಳುವ ಧೈರ್ಯ ಬರಲಿ. ಅವನಿಗೆ ನಾನು ಎಷ್ಟು ಹೊತ್ತು ಬೇಕಾದರೂ ವಿವರಿಸುತ್ತೇನೆ.

ಈ ಸಲದ ಟೂರ್ನಿಗಳ ನಿಯಮ ಪುಸ್ತಕ ಇನ್ನೂ ಅಚ್ಚಿಗೆ ಹೋಗಿಲ್ಲದಿದ್ದರೆ ಇದಕ್ಕೊಂದು ಪುಟ ಬಿಡಿ. ಬರೆಯಲು ಕೂರುವಾಗ ಇಬ್ಬರು ಕೋಚ್‌ಗಳನ್ನೂ ಇಬ್ಬರು ಅಂಪೈರ್‌ಗಳನ್ನೂ ಕರೆಯಿರಿ. ನನ್ನನ್ನು ಕರೆದರೆ ರಜೆ ಹಾಕಿ ಬರುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ಮಕ್ಕಳ ಮ್ಯಾಚ್‌ಗಳಿಗೆ ನಿಲ್ಲುವ ಒಬ್ಬ ಅಂಪೈರ್